ಸಾ ಎಲ್ಲಿಗೆ ಹೋಯಿತು?

ಪಾಶ್ಚಾತ್ಯ ಸಂಗೀತದ ಯಾವ ಪರಿಚಯ ಪುಸ್ತಕ ತೆಗೆದರೂ ಶುರುವಿನಲ್ಲೇ ಒಂದು ಪಟ್ಟಿ ಎದುರಾಗುತ್ತದೆ. ಮಧ್ಯಯುಗ, ರೆನೇಸಾನ್ಸ್, 1600ರಿಂದ 1750ರವರೆಗೆ ಬರೋಕ್, ಆಮೇಲೆ ಕ್ಲಾಸಿಕಲ್, ಆಮೇಲೆ ರೊಮ್ಯಾಂಟಿಕ್, ಕೊನೆಗೆ ಇಪ್ಪತ್ತನೇ ಶತಮಾನ. ಪಕ್ಕದಲ್ಲಿ ವಿಗ್ ಹಾಕಿಕೊಂಡ ಗಂಡಸರ ಚಿತ್ರಗಳು. ಉರು ಹೊಡೆದರೆ ಕ್ವಿಜ್‌ನಲ್ಲಿ ಅಂಕ ಬರಬಹುದು. ಆದರೆ ಹೆಡ್‌ಫೋನ್ ಹಾಕಿಕೊಂಡು ಒಂದು ಸಿಂಫನಿ ಕೇಳಲು ಕೂತಾಗ ಆ ಪಟ್ಟಿಯಿಂದ ಮೂರು ಕಾಸಿನ ಉಪಯೋಗವಿಲ್ಲ. ಇದು 1788ರದ್ದು ಅಂತ ಗೊತ್ತಾದ ತಕ್ಷಣ ಕಿವಿಗೆ ಏನು ಕೇಳಿಸಿಬಿಡುತ್ತದೆ ಹೇಳಿ?

ನನ್ನ ಕಿವಿ ಬೆಳೆದದ್ದು ರಾಮನವಮಿ ಚಪ್ಪರದಲ್ಲಿ ಮತ್ತು ಬೆಳಗಿನ ರೇಡಿಯೋ ಮುಂದೆ. ಇಂಥ ಕಿವಿ ಇಟ್ಟುಕೊಂಡು ಬಾಖ್, ಮೊಜಾರ್ಟ್ ಕಡೆ ಹೋಗುವವರಿಗೆ ಒಂದೇ ಒಂದು ಪ್ರಶ್ನೆ ಸಾಕು ಅಂತ ಈಗ ನನಗನ್ನಿಸುತ್ತದೆ. ಈ ಕ್ಷಣದಲ್ಲಿ ಸಾ, ಅಂದರೆ ಆಧಾರ ಷಡ್ಜ, ಎಲ್ಲಿದೆ?

ನಮ್ಮಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ತಂಬೂರಿ ಇದೆ, ಸಾ ಅಲ್ಲಿದೆ. ಎರಡೂವರೆ ಗಂಟೆ ಕಛೇರಿಯಲ್ಲಿ ಕಲ್ಯಾಣಿ ಬರಲಿ, ತೋಡಿ ಬರಲಿ, ರಾಗಮಾಲಿಕೆಯಲ್ಲಿ ಆರು ರಾಗ ಸುತ್ತಿ ಬರಲಿ, ಷಡ್ಜ ಒಂದಿಂಚು ಅಲ್ಲಾಡುವುದಿಲ್ಲ. ಗಾಯಕರು ಗ್ರಹಭೇದ ಮಾಡಿದಾಗ ಮಾತ್ರ ಒಂದೆರಡು ನಿಮಿಷ ಬೇರೆ ಸ್ವರವನ್ನು ಸಾ ಅಂದುಕೊಂಡು ಆಟ ಆಡುತ್ತಾರೆ. ಸಭೆಯಲ್ಲಿ ತಲೆಗಳು ಅಲ್ಲಾಡುತ್ತವೆ, ಭೇಷ್ ಭೇಷ್ ಅನ್ನುತ್ತಾರೆ, ಮತ್ತೆ ಮೂಲಕ್ಕೆ ಬಂದುಬಿಡುತ್ತಾರೆ. ಅದು ಕಸರತ್ತು, ಊಟದ ಕೊನೆಯ ಉಪ್ಪಿನಕಾಯಿ ಇದ್ದ ಹಾಗೆ. ಪಾಶ್ಚಾತ್ಯ ಸಂಗೀತದಲ್ಲಿ ಸುಮಾರು 1700ರಿಂದ 1900ರವರೆಗೆ ಅದೇ ಊಟ. ಅಲ್ಲಿ ಸಾ ಎದ್ದು ಹೋಗುತ್ತದೆ, ಬೇರೆ ಕಡೆ ಕೂರುತ್ತದೆ, ತಿರುಗಾಡುತ್ತದೆ, ವಾಪಸ್ ಬರುತ್ತದೆ. ಸೊನಾಟಾ, ಫ್ಯೂಗ್, ರಾಂಡೊ ಅಂತ ಪರೀಕ್ಷೆಗೆ ಓದುವ ಈ ಆಕಾರಗಳಲ್ಲಿ ಹೆಚ್ಚಿನವು ಆ ಓಡಾಟಕ್ಕೆ ಹಾಕಿಕೊಟ್ಟ ದಾರಿಗಳು.

ಒಂದೇ ಕೃತಿ ಹಿಡಿದು ನೋಡೋಣ. ಮೊಜಾರ್ಟ್‌ನ ಪಿಯಾನೊ ಸೊನಾಟಾ, ಸಿ ಮೇಜರ್, ಕ್ಯಾಟಲಾಗಿನಲ್ಲಿ ಕೆ. 545. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನಲ್ಲಾದರೂ ಸಂಜೆ ಹೊತ್ತು ಲಿಫ್ಟ್ ಹತ್ತಿರ ನಿಂತರೆ ಯಾರದೋ ಮನೆಯ ಮಗು ಗ್ರೇಡ್ ಪರೀಕ್ಷೆಗಾಗಿ ಇದನ್ನು ಕುಟ್ಟುವುದು ಕೇಳಿಸುತ್ತದೆ. ಮೊಜಾರ್ಟ್ ಇದನ್ನು 1788ರ ಜೂನ್ 26ರಂದು ತನ್ನ ಪಟ್ಟಿಗೆ ಸೇರಿಸಿದ. ಹೊಸದಾಗಿ ಕಲಿಯುವವರಿಗೆ ಅಂತ ಅವನೇ ಬರೆದುಕೊಂಡಿದ್ದಾನೆ. ಅದೇ ದಿನದ ತಾರೀಖಿನಲ್ಲಿ ಅವನ 39ನೇ ಸಿಂಫನಿಯೂ ಇದೆ, ಅದು ಬೇರೆ ಮಾತು.

ಮೊದಲ ಭಾಗ ಒಟ್ಟು 73 ಬಾರ್, ಬಾರ್ ಅಂದರೆ ನಮ್ಮ ತಾಳದ ಆವರ್ತದ ಹಾಗೆ ಒಂದು ಅಳತೆ. ನುಡಿಸಿದರೆ ಮೂರ್ನಾಲ್ಕು ನಿಮಿಷ. ಶ್ರುತಿ, ನಮ್ಮ ಹಾರ್ಮೋನಿಯಂ ಭಾಷೆಯಲ್ಲಿ ಹೇಳಿದರೆ, ಬಿಳಿ ಒಂದು. ಬಲಗೈ ಶುರು ಮಾಡುತ್ತದೆ: ಸಾ, ಗ, ಪ, ಆಮೇಲೆ ಮಂದ್ರಕ್ಕಿಳಿದು ನೀ, ಸರಿಸಾ. ಮತ್ತೆ ದಾ, ಪ, ಮೇಲಿನ ಸಾ, ಇಳಿದು ಪ ಮ ಗ. ಎಡಗೈ ಅಷ್ಟೂ ಹೊತ್ತು ಸಪಗಪ ಸಪಗಪ ಅಂತ ತಿರುಗುತ್ತಿರುತ್ತದೆ. ಡೊಮೆನಿಕೊ ಆಲ್ಬರ್ಟಿ ಅನ್ನುವ ಇಟಲಿಯವನ ಹೆಸರಿನಲ್ಲಿ ಇದನ್ನು ಆಲ್ಬರ್ಟಿ ಬೇಸ್ (ಬೇಸ್ ಅಂದರೆ ಕೆಳಗಿನ ದನಿ) ಅನ್ನುತ್ತಾರೆ. ಅಚ್ಚ ಶಂಕರಾಭರಣದ ಸ್ವರಗಳು. ಗಮಕ ಇಲ್ಲ, ಸ್ವರಗಳು ನೆಟ್ಟಗೆ ನಿಂತಿವೆ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಬ್ರಿಟಿಷರ ಬ್ಯಾಂಡ್ ಟ್ಯೂನುಗಳನ್ನು ಕೇಳಿ ಸಂಸ್ಕೃತ ಸಾಹಿತ್ಯ ಹಾಕಿದರಲ್ಲ, ನೊಟ್ಟುಸ್ವರಗಳು, ಅವೂ ಇದೇ ಶಂಕರಾಭರಣ. ಅವರ 'ಸಂತತಂ ಪಾಹಿಮಾಂ' ಬ್ರಿಟಿಷರ ರಾಷ್ಟ್ರಗೀತೆಯ ಟ್ಯೂನು. ಮಕ್ಕಳಿಗೆ ಈಗಲೂ ಹೇಳಿಕೊಡುತ್ತಾರೆ. ಅಂದರೆ ಮೇಜರ್ ಸ್ಕೇಲ್ ನಮಗೆ ಹೊಸದೇನಲ್ಲ. ಹೊಸದು ಮುಂದೆ ಬರುತ್ತದೆ.

ಹನ್ನೆರಡನೇ ಬಾರ್ ಹೊತ್ತಿಗೆ, ಮೇಲೆ ಕೆಳಗೆ ಸರಳೆ ವರಸೆಯ ಥರ ಓಡಾಡಿದ ಮೇಲೆ, ಸಂಗೀತ ಪಂಚಮದ ಮೇಲೆ ಬಂದು ನಿಲ್ಲುತ್ತದೆ. ಇನ್ನೇನು ಸಾಗೆ ಬರಬೇಕು ಅಂತ ಕಿವಿ ಕಾಯುತ್ತದೆ. ಮೊಜಾರ್ಟ್ ಬರುವುದಿಲ್ಲ. ಆ ಪಂಚಮವನ್ನೇ ಸಾ ಅಂದುಬಿಡುತ್ತಾನೆ. ಒಂದು ಸಣ್ಣ ಬಿಡುವು, ಎಡಗೈ ಹೊಸ ನಡೆ ಹಿಡಿಯುತ್ತದೆ, ಹದಿನಾಲ್ಕನೇ ಬಾರ್‌ನಲ್ಲಿ ಎರಡನೆಯ ಹಾಡು ಶುರು. ಮೊದಲನೆಯದು ಸಗಪ ಅಂತ ಹತ್ತಿದ್ದರೆ ಇದು ಪಗಸ ಅಂತ ಇಳಿಯುತ್ತದೆ. ಯಾವ ಸಾ? ಬಿಳಿ ಐದು, ಅವರ ಭಾಷೆಯಲ್ಲಿ ಜಿ.

ಇಲ್ಲಿ ನಮ್ಮ ಕಿವಿಗೊಂದು ಮಜಾ ಇದೆ, ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಜಿ ಮೇಜರ್‌ಗೆ ಹೋಗಬೇಕಾದರೆ ಒಂದೇ ಒಂದು ಸ್ವರ ಬದಲಾಗಬೇಕು. ಸಿ ಇಂದ ನೋಡಿದರೆ ಶುದ್ಧ ಮಧ್ಯಮ ಹೋಗಿ ಪ್ರತಿ ಮಧ್ಯಮ ಬರಬೇಕು. ತಂಬೂರಿಯನ್ನು ಮನಸ್ಸಿನಲ್ಲಿ ಬಿಳಿ ಒಂದಕ್ಕೇ ಹಿಡಿದುಕೊಂಡು ಕೂತವರಿಗೆ ಆಗ ಕೇಳಿಸುವುದು ಕಲ್ಯಾಣಿ! ವಿಯೆನ್ನಾದವರ ಕಿವಿಯಲ್ಲಿ ಅದು ಕಲ್ಯಾಣಿ ಅಲ್ಲ, ಪಂಚಮದಿಂದ ಶುರುವಾದ ಇನ್ನೊಂದು ಶಂಕರಾಭರಣ. ಕಲ್ಯಾಣಿಯ ಪಂಚಮವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ ಬರುತ್ತದೆ ಅಂತ ನಮ್ಮ ಗ್ರಹಭೇದದ ಲೆಕ್ಕದಲ್ಲಿ ಇದ್ದೇ ಇದೆ. ಅದನ್ನೇ ಅವರು ದಿನನಿತ್ಯದ ಅಡುಗೆಗೆ ಬಳಸಿಕೊಂಡರು. ನನಗೆ ಇದು ಹೊಳೆದ ಮೇಲೆ ಮಾಡ್ಯುಲೇಷನ್, ಅಂದರೆ ಸಾ ಬದಲಿಸುವುದು, ಅನ್ನುವ ಪಾಠ ಮತ್ತೆ ಓದಬೇಕಾಗಿ ಬರಲಿಲ್ಲ.

28ನೇ ಬಾರ್‌ಗೆ ಮೊದಲ ಹಂತ ಮುಗಿಯುತ್ತದೆ, ಜಿಯಲ್ಲಿ ಗಟ್ಟಿಯಾಗಿ ಕೂತು. ಇದಕ್ಕೆ ಎಕ್ಸ್‌ಪೊಸಿಷನ್ ಅಂತ ಹೆಸರು. ಎರಡು ಬಾರಿ ನುಡಿಸಬೇಕು ಅಂತ ಬರೆದಿರುತ್ತಾನೆ. ಈಗಿನವರು ಕೆಲವರು ಎರಡನೇ ಸಲ ಬಿಟ್ಟುಬಿಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಹಾಡು ಯಾವುದು ಅಂತ ನೆನಪಿನಲ್ಲಿ ಕೂರದೆ ಮುಂದಿನ ಆಟ ಹೇಗೆ ಅರ್ಥವಾಗಬೇಕು? ಆಮೇಲೆ 13 ಬಾರ್ ಡೆವಲಪ್‌ಮೆಂಟ್. ಈಗಷ್ಟೇ ಖುಷಿಯಲ್ಲಿ ಮುಗಿದ ತುಣುಕನ್ನೇ ಎತ್ತಿಕೊಂಡು ಜಿ ಮೈನರ್‌ಗೆ ಹಾಕುತ್ತಾನೆ, ಅಂದರೆ ಕೀರವಾಣಿಯ ಬಣ್ಣ. ಅಲ್ಲಿಂದ ಡಿ ಮೈನರ್, ಅಲ್ಲಿಂದ ಎ ಮೈನರ್. ಎಲ್ಲೂ ಕಾಲೂರುವುದಿಲ್ಲ.

ಆಮೇಲೆ ಮೊದಲ ಹಾಡು ವಾಪಸ್ ಬರಬೇಕು, ಮೂಲ ಸಾದಲ್ಲಿ. ಪಠ್ಯಪುಸ್ತಕ ಹೇಳುವುದು ಹಾಗೆ. 42ನೇ ಬಾರ್‌ನಲ್ಲಿ ಹಾಡು ಬರುತ್ತದೆ, ಆದರೆ ಎಫ್‌ನಲ್ಲಿ, ಬಿಳಿ ನಾಲ್ಕರಲ್ಲಿ! ಈಗ ಸಿ ಇಂದ ಕೇಳಿದರೆ ಕೈಶಿಕಿ ನಿಷಾದ ಬಂದು ಹರಿಕಾಂಭೋಜಿ ಆಗಿದೆ. ಆಗ ಒಂದು ಸ್ವರ ಏರಿಸಿ ಕಲ್ಯಾಣಿ ಕಡೆ ವಾಲಿದ್ದವನು ಈಗ ಒಂದು ಸ್ವರ ಇಳಿಸಿ ಈ ಕಡೆ ವಾಲಿದ. ಹೀಗೇಕೆ ಮಾಡಿದ? ಸೋಮಾರಿತನ ಅಂತ ಕೆಲವರು ನಗುತ್ತಾರೆ. ಮೊದಲ ಸಲ ಸಾದಿಂದ ಐದು ಸ್ವರ ಮೇಲಕ್ಕೆ ಹೋಗಿದ್ದ, ಈಗ ಮಾದಿಂದ ಅದೇ ಐದು ಸ್ವರ ಹೋದರೆ ತಾನಾಗಿ ಮೇಲಿನ ಸಾ ಸಿಗುತ್ತದೆ, ಹೊಸ ದಾರಿ ಕಡಿಯುವ ಕೆಲಸ ಉಳಿಯಿತು ಅಂತ. ಇರಬಹುದು. ಆದರೆ ಕೇಳುವಾಗ ಅದು ಸೋಮಾರಿತನ ಅಂತ ಅನ್ನಿಸುವುದಿಲ್ಲ. ಬಂತು ಬಂತು ಅಂದುಕೊಂಡದ್ದು ಬರಲಿಲ್ಲ, ಇನ್ನೂ ಸ್ವಲ್ಪ ಕಾಯಬೇಕು. ಕೊನೆಗೆ ಎರಡನೆಯ ಹಾಡು, ಆಗ ಜಿಯಲ್ಲಿ ಕೇಳಿದ್ದ ಆ ಪಗಸ, ಈಗ ಸಿಯಲ್ಲಿ ಬರುತ್ತದೆ. ಅದೇ ಹಾಡು, ನಮ್ಮ ಸಾದಲ್ಲಿ. ಸೊನಾಟಾ ಆಕಾರದ ಗುಟ್ಟು ಇಷ್ಟೇ. ಬೇರೆ ಶ್ರುತಿಯಲ್ಲಿ ಹೇಳಿದ ಮಾತನ್ನು ಮೂಲ ಶ್ರುತಿಗೆ ತಂದು ಇನ್ನೊಮ್ಮೆ ಹೇಳುವುದು.

ಲಿಫ್ಟ್ ಹತ್ತಿರ ಕೇಳಿಸುವ ಆ ಮಗು ಎಲ್ಲ ಸ್ವರ ಸರಿಯಾಗಿಯೇ ನುಡಿಸುತ್ತದೆ. 42ನೇ ಬಾರ್‌ನಲ್ಲಿ ಏನಾಯಿತು ಅಂತ ಯಾರಾದರೂ ಅದಕ್ಕೆ ಹೇಳಿದ್ದಾರಾ ಅಂತ ನನಗೆ ಸದಾ ಕುತೂಹಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೊಜಾರ್ಟ್‌ಗೆ ಸೊನಾಟಾ ಆಕಾರ ಅನ್ನುವ ಹೆಸರು ಗೊತ್ತಿರಲಿಲ್ಲ. ಅವನು ಸತ್ತು ದಶಕಗಳಾದ ಮೇಲೆ, ಬರ್ಲಿನ್ನಿನ ಎ. ಬಿ. ಮಾರ್ಕ್ಸ್ (ಆ ಮಾರ್ಕ್ಸ್ ಅಲ್ಲ) ಥರದ ಪ್ರೊಫೆಸರುಗಳು ಕೂತು ಇದಕ್ಕೆ ನಿಯಮ ಬರೆದರು. ಹಾಗಾಗಿ ಮೊಜಾರ್ಟ್ ನಿಯಮ ಮುರಿದ ಅನ್ನುವ ಮಾತೇ ತಲೆಕೆಳಗು. ವ್ಯಾಕರಣ ಯಾವತ್ತೂ ಮಾತಿನ ಹಿಂದೆ ಬರುತ್ತದೆ.

ಸರಿ, ಸಾ ಚಲಿಸಲು ಶುರುವಾದದ್ದು ಯಾವಾಗ? ಇತಿಹಾಸವನ್ನು ಈ ಕಡೆಯಿಂದ ಓದಿದರೆ ಪಟ್ಟಿಗೂ ಜೀವ ಬರುತ್ತದೆ.

ಮೊದಲಿಗೆ ಎಲ್ಲ ಒಂದೇ ಎಳೆ. ಗ್ರೆಗೋರಿಯನ್ ಚಾಂಟ್, ಮಠಗಳಲ್ಲಿ ಲ್ಯಾಟಿನ್ ಪ್ರಾರ್ಥನೆಯನ್ನು ಎಲ್ಲರೂ ಸೇರಿ ಒಂದೇ ದನಿಯಲ್ಲಿ ಹಾಡುವುದು. ಕೇಳಿದರೆ ನಮಗೆ ವೇದಘೋಷದ ನೆನಪಾಗುತ್ತದೆ, ತಾಳದ ಹಂಗಿಲ್ಲ, ಪದದ ಉಸಿರೇ ಲಯ. ಹನ್ನೊಂದನೇ ಶತಮಾನದ ಮೊದಲ ಭಾಗದಲ್ಲಿ ಇಟಲಿಯ ಅರೆಟ್ಸೊದ ಗೀಡೊ ಅನ್ನುವ ಸನ್ಯಾಸಿ ಗೆರೆ ಎಳೆದು ಸ್ವರ ಬರೆಯುವ ಪದ್ಧತಿಯನ್ನು ಗಟ್ಟಿ ಮಾಡಿದ. ಸಂತ ಜಾನ್‌ನ ಒಂದು ಸ್ತುತಿಯ ಸಾಲುಗಳ ಮೊದಲ ಅಕ್ಷರಗಳನ್ನು ಹಿಡಿದು ಉತ್, ರೆ, ಮಿ, ಫಾ, ಸೋಲ್, ಲಾ ಅಂತ ಹೆಸರಿಟ್ಟ. ಹುಡುಗರಿಗೆ ಬೇಗ ಪಾಠ ಹೇಳಿಕೊಡಬೇಕು, ಇಷ್ಟೇ ಅವನ ಚಿಂತೆ. ಆದರೆ ಸಂಗೀತ ಕಾಗದದ ಮೇಲೆ ಬಂದು ಕೂತದ್ದರಿಂದ ಅವನು ಯೋಚಿಸಿರದ ಒಂದು ಸಂಗತಿ ನಡೆಯಿತು. ಒಂದರ ಮೇಲೊಂದು ಎಳೆ ಜೋಡಿಸಿ ನೋಡಬಹುದು ಅಂತಾಯಿತು. ನಾಲ್ಕು ಜನ ನಾಲ್ಕು ಬೇರೆ ಬೇರೆ ಸಾಲು ಹಾಡಬೇಕಾದರೆ, ಯಾರು ಎಲ್ಲಿ ಯಾವಾಗ ಅಂತ ಬರೆದಿಡದೆ ಆಗುವ ಕೆಲಸವಲ್ಲ ಅದು.

ಪ್ಯಾರಿಸ್ಸಿನ ನಾಟ್ರ್ ಡಾಮ್ ಚರ್ಚಿನ ಸುತ್ತ, ಹನ್ನೆರಡನೇ ಶತಮಾನದ ಕೊನೆಯಲ್ಲಿ, ಪೆರೊಟಿನ್ ಅನ್ನುವವನು ನಾಲ್ಕು ದನಿಯ 'ವಿಡೆರುಂಟ್ ಓಮ್ನೆಸ್' ಮಾಡಿದ. ದಯವಿಟ್ಟು ಇದನ್ನು ಹುಡುಕಿ ಕೇಳಿ. ಕೆಳಗಿನ ದನಿ ಹಳೆಯ ಚಾಂಟಿನ ಮೊದಲ ಅಕ್ಷರವನ್ನು ಹಿಡಿದುಕೊಂಡು ನಿಂತುಬಿಡುತ್ತದೆ. ಎಷ್ಟು ಹೊತ್ತು ಅಂದರೆ, ತಂಬೂರಿ ಅಂತ ಮನಸ್ಸು ತೀರ್ಮಾನ ಮಾಡಿಬಿಟ್ಟಿರುತ್ತದೆ. ಮೇಲೆ ಮೂರು ದನಿಗಳು ಕುಣಿಯುತ್ತಿರುತ್ತವೆ. ಆಗ, ಎಚ್ಚರಿಕೆ ಕೊಡದೆ, ಆ ತಂಬೂರಿ ಜಾಗ ಬದಲಿಸುತ್ತದೆ. ಚಾಂಟಿನ ಮುಂದಿನ ಅಕ್ಷರ ಬಂತು, ಅಷ್ಟೇ. ನನಗೆ ಮೈ ಜುಂ ಅಂದದ್ದು ಅಲ್ಲಿ. ಇನ್ನೂ ಮೇಜರ್ ಮೈನರ್ ಇಲ್ಲ, ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಲೆಕ್ಕ ಇಲ್ಲ, ಸೊನಾಟಾಕ್ಕೆ ಇನ್ನೂ ಐನೂರು ಚಿಲ್ಲರೆ ವರ್ಷ ಬಾಕಿ. ಆದರೆ ಕೆಳಗಿನ ನೆಲ ಅಲ್ಲಾಡಬಹುದು ಅನ್ನುವ ವಿಷಯ ಅಲ್ಲಿ ಕೇಳಿಸಿಬಿಡುತ್ತದೆ.

ಆಮೇಲಿನದನ್ನು ಓಡಿಸುತ್ತೇನೆ. ಮಾಶೊ, ಜೋಸ್ಕ್ಯಾನ್, ಪಾಲೆಸ್ಟ್ರೀನಾ ಅನ್ನುವ ರಚನಕಾರರು ಬಂದರು. ದನಿಗಳ ಹೆಣಿಗೆ ಸೂಕ್ಷ್ಮವಾಗುತ್ತಾ ಹೋಯಿತು. ಕೇಳಲು ಬಲು ಚೆಂದ, ಬರೆಯಲು ನನ್ನ ಹತ್ತಿರ ಜಾಸ್ತಿ ಏನಿಲ್ಲ. 1607ರಲ್ಲಿ ಮಾಂಟುವಾದಲ್ಲಿ ಮಾಂಟೆವೆರ್ಡಿಯ ಸಂಗೀತ ನಾಟಕ 'ಓರ್ಫೆಯೊ' ಆಡಿದರು. ಒಬ್ಬ ಮನುಷ್ಯ ಎದ್ದು ನಿಂತು ದುಃಖ ತೋಡಿಕೊಳ್ಳುತ್ತಾನೆ, ಕೆಳಗೆ ಬೇಸ್ ಮತ್ತು ಕಾರ್ಡ್‌ಗಳು ಆಸರೆ ಕೊಡುತ್ತವೆ. ಸಂಗೀತದ ಭಾರ ನಿಧಾನಕ್ಕೆ ಆ ಬೇಸ್ ಕಡೆ ಸರಿಯಿತು.

ಈಗ ಒಂದು ತೊಂದರೆ. ಸಾ ಚಲಿಸಬೇಕು ಅಂದರೆ ಕೀಲಿಮಣೆಯ ಯಾವ ಮನೆಯನ್ನು ಸಾ ಮಾಡಿಕೊಂಡರೂ ಸ್ವರಗಳ ನಡುವಿನ ಅಂತರ ಸಹಿಸುವ ಹಾಗಿರಬೇಕು. ಶುದ್ಧವಾಗಿ ಶ್ರುತಿ ಮಾಡಿದರೆ ಒಂದು ಸಾಗೆ ಸೊಗಸಾಗಿರುತ್ತದೆ, ಇನ್ನೊಂದಕ್ಕೆ ಕರ್ಕಶ. ಹಾಗಾಗಿ ಎಲ್ಲ ಸ್ವರಗಳನ್ನೂ ಚೂರು ಚೂರು ತಪ್ಪಿಸಿ ರಾಜಿ ಮಾಡಿದರು. ಬಾಖ್ 1722ರಲ್ಲಿ 'ವೆಲ್ ಟೆಂಪರ್ಡ್ ಕ್ಲಾವಿಯರ್' ಮೊದಲ ಭಾಗ ಮುಗಿಸಿದ. ಹನ್ನೆರಡೂ ಮನೆಗಳನ್ನು ಸಾ ಮಾಡಿಕೊಂಡು, ಒಂದೊಂದಕ್ಕೂ ಮೇಜರ್ ಮೈನರ್ ಎರಡೂ, ಒಟ್ಟು 24 ಪ್ರೆಲ್ಯೂಡ್, 24 ಫ್ಯೂಗ್. ಅವನ ಕಾಲದ ರಾಜಿ ಇವತ್ತಿನಷ್ಟು ಸಮ ಇರಲಿಲ್ಲ, ಒಂದೊಂದು ಸಾಗೂ ಸ್ವಲ್ಪ ಬೇರೆ ರುಚಿ ಇತ್ತು. ಈಗಿನ ಪಿಯಾನೊದಲ್ಲಿ ಹನ್ನೆರಡೂ ಅಂತರ ಒಂದೇ ಸಮ.

ಇದರ ಬೆಲೆ ತೆತ್ತದ್ದು ಗಾಂಧಾರ. ಒಳ್ಳೆ ತಂಬೂರಿ ಮೀಟಿದಾಗ ಯಾರೂ ನುಡಿಸದೆ ತಾನಾಗಿ ಒಂದು ಅಂತರ ಗಾಂಧಾರ ಕೇಳಿಸುತ್ತದಲ್ಲ, ಸ್ವಯಂಭೂ ಗಾಂಧಾರ, ಅದು ಷಡ್ಜದಿಂದ ಸುಮಾರು 386 ಸೆಂಟ್ (ಸ್ವರಗಳ ಅಂತರ ಅಳೆಯುವ ಸಣ್ಣ ಮಾನ) ದೂರದಲ್ಲಿದೆ. ಪಿಯಾನೊದ ಗಾಂಧಾರ 400. ಹದಿನಾಲ್ಕು ಸೆಂಟ್ ಜಾಸ್ತಿ. ನಮ್ಮ ಮೇಷ್ಟ್ರುಗಳು ಹಾರ್ಮೋನಿಯಂ ಕಂಡರೆ ಮೂಗು ಮುರಿಯುವುದಕ್ಕೆ ಇದೂ ಒಂದು ಕಾರಣ, ಮತ್ತು ಅವರು ಹೇಳುವುದು ಸುಳ್ಳಲ್ಲ. ನಾವು ಸಾ ಕದಲಿಸದೆ ಗಾಂಧಾರ ಉಳಿಸಿಕೊಂಡೆವು, ಗಮಕ ಬೆಳೆಸಿದೆವು. ಅವರು ಗಾಂಧಾರ ಬಿಟ್ಟುಕೊಟ್ಟು ಓಡಾಟ ತೆಗೆದುಕೊಂಡರು. ಯಾವುದು ಮೇಲು ಅಂತ ಜಗಳ ಆಡುವವರ ಜೊತೆ ನನಗೆ ಮಾತಿಲ್ಲ, ಎರಡೂ ಕಡೆ ಏನೋ ಕೊಟ್ಟು ಏನೋ ಕೊಂಡಿದ್ದಾರೆ.

ಆ 24ರಲ್ಲಿ ಎರಡನೆಯದು, ಸಿ ಮೈನರ್ ಫ್ಯೂಗ್, ಫ್ಯೂಗ್ ಅಂದರೇನು ಅಂತ ತಿಳಿಯಲು ಸಾಕು. ಮೂರು ದನಿ. ನಡುವಿನ ದನಿ ಒಂಟಿಯಾಗಿ ಶುರು ಮಾಡುತ್ತದೆ: ಸನಿಸ ಪ ದ, ಸನಿಸ ರಿ. ಅದು ಮುಗಿಯುತ್ತಿದ್ದಂತೆ ಮೇಲಿನ ದನಿ ಅದೇ ಮಾತನ್ನು ಪಂಚಮದಿಂದ ಹೇಳುತ್ತದೆ. ಮೊದಲನೆಯದು ಸುಮ್ಮನಾಗುವುದಿಲ್ಲ, ಜೊತೆಗೆ ಬೇರೇನೋ ಹೇಳುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗಿನ ದನಿ ಮತ್ತೆ ಸಾದಿಂದ. ಅಂದರೆ ಇಲ್ಲಿ ಸಾ ಮತ್ತು ಪ ನಡುವೆ ಒಂದೇ ವಾಕ್ಯ ಕೈಯಿಂದ ಕೈಗೆ ಹೋಗುತ್ತದೆ. ಮೂರೂ ದನಿಯನ್ನು ಒಟ್ಟಿಗೆ ಕೇಳಲು ಹೊರಟರೆ ತಲೆ ಕೆಡುತ್ತದೆ. ಒಂದು ಸಲ ಬರೀ ಎಡಗೈ ಹಿಂಬಾಲಿಸಿ, ಇನ್ನೊಂದು ಸಲ ಬರೀ ಮೇಲಿನದು. ಮೃದಂಗ ಘಟಂ ತನಿ ಕೇಳುವಾಗ ನಾವು ಮಾಡುವುದೂ ಅದೇ ಅಲ್ವಾ?

ಸಾ ಓಡಾಡುವುದು ರುಚಿಸದಿದ್ದರೆ, ಅದು ಕೂತಲ್ಲೇ ಕೂತಿರುವ ಆಕಾರಗಳೂ ಇವೆ, ಕಛೇರಿ ಕಿವಿಗೆ ಮೊದಲು ಒಗ್ಗುವುದು ಅವೇ. ಥೀಮ್ ಅಂಡ್ ವೇರಿಯೇಷನ್ಸ್, ಅಂದರೆ ಒಂದು ಹಾಡು ಮತ್ತು ಅದರ ಬೇರೆ ಬೇರೆ ರೂಪಗಳು. ಬಾಖ್ 1741ರಲ್ಲಿ ಅಚ್ಚು ಹಾಕಿಸಿದ ಗೋಲ್ಡ್‌ಬರ್ಗ್ ವೇರಿಯೇಷನ್ಸ್‌ನಲ್ಲಿ ಒಂದು ಆರಿಯಾ, ಆಮೇಲೆ 30 ವೇರಿಯೇಷನ್, ಕೊನೆಗೆ ಅದೇ ಆರಿಯಾ. ಸುಮಾರಾಗಿ ಎಲ್ಲ ಜಿ ಮೇಜರ್, ಮೂರು ಮಾತ್ರ ಜಿ ಮೈನರ್. ಷಡ್ಜ ಅದೇ. ಜನ ಸಾಮಾನ್ಯವಾಗಿ ಮೇಲಿನ ಹಾಡು ಬದಲಾಗುತ್ತಾ ಹೋಗುತ್ತದೆ ಅಂದುಕೊಳ್ಳುತ್ತಾರೆ. ಅಲ್ಲ, ಹಾಡು ಪೂರ್ತಿ ಮಾಯವಾಗುತ್ತದೆ. ಉಳಿಯುವುದು ಕೆಳಗಿನ ಬೇಸ್ ಹೆಜ್ಜೆಗಳು. ಆ ಹೆಜ್ಜೆಗಳ ಮೇಲೆ ಒಮ್ಮೆ ಕುಣಿತ, ಒಮ್ಮೆ ಓಟ, ಮೂರಕ್ಕೊಂದು ಕ್ಯಾನನ್. ಕ್ಯಾನನ್ ಅಂದರೆ ಒಂದು ದನಿ ಹೇಳಿದ್ದನ್ನೇ ಇನ್ನೊಂದು ದನಿ ಹಿಂದೆ ಹಿಂದೆ ಹೇಳುವುದು, ಅದೂ ಪ್ರತಿ ಸಲ ಒಂದು ಸ್ವರ ದೂರ ಸರಿದು. 25ನೆಯದು ಮೈನರ್, ನಿಧಾನ, ಅಲ್ಲಿ ಕೆಲಸ ಬಿಟ್ಟು ಕೂತು ಕೇಳಬೇಕು. ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ ನುಡಿಸಿದ್ದು ಕುದುರೆ ಸವಾರಿ, 1981ರಲ್ಲಿ ಅವನೇ ನುಡಿಸಿದ್ದು ಬೇರೆಯೇ ಮನುಷ್ಯ. ನನ್ನ ಮತ ಎರಡನೆಯದಕ್ಕೆ. ನಿದ್ರೆ ಬಾರದ ಒಬ್ಬ ದೊಡ್ಡ ಮನುಷ್ಯನಿಗಾಗಿ ಇದನ್ನು ಬರೆದ ಅನ್ನುವ ಕತೆ ಬಾಖ್ ಸತ್ತು ಐವತ್ತು ವರ್ಷದ ಮೇಲೆ ಅಚ್ಚಾದದ್ದು, ಅದನ್ನು ನಂಬುವವರು ಈಗ ಕಡಿಮೆ.

ರಾಂಡೊ ಇನ್ನೂ ಸುಲಭ. ಪಲ್ಲವಿ, ಅನುಪಲ್ಲವಿ, ಮತ್ತೆ ಪಲ್ಲವಿ, ಚರಣ, ಮತ್ತೆ ಪಲ್ಲವಿ. ನಮ್ಮ ಕೃತಿ ಕೇಳಿ ರೂಢಿಯಾದವರಿಗೆ ಇದರಲ್ಲಿ ಹೇಳಿಕೊಡುವುದು ಏನೂ ಇಲ್ಲ.

ಸಭೆಯ ಬಗ್ಗೆ ಒಂದು ಮಾತು. ಈಗ ಅಲ್ಲಿನ ಕಛೇರಿಗಳಲ್ಲಿ ಕೆಮ್ಮಿದರೂ ತಿರುಗಿ ನೋಡುತ್ತಾರೆ. ಭಾಗಗಳ ನಡುವೆ ಚಪ್ಪಾಳೆ ತಟ್ಟಿದರಂತೂ ಮುಗಿದೇ ಹೋಯಿತು. ಆದರೆ 1778ರಲ್ಲಿ ಮೊಜಾರ್ಟ್ ಪ್ಯಾರಿಸ್ಸಿನಿಂದ ಅಪ್ಪನಿಗೆ ಬರೆದ ಕಾಗದ ಇದೆ. ಹೊಸ ಸಿಂಫನಿಯ ಮೊದಲ ಭಾಗದ ನಡುವೆ ಒಂದು ಜಾಗ ಜನಕ್ಕೆ ಹಿಡಿಸೇ ಹಿಡಿಸುತ್ತದೆ ಅಂತ ಅವನಿಗೆ ಗೊತ್ತಿತ್ತು, ಅಲ್ಲಿ ಸಭೆ ಚಪ್ಪಾಳೆ ಹೊಡೆಯಿತು, ಅದಕ್ಕೇ ಅವನು ಅದನ್ನು ಕೊನೆಯಲ್ಲಿ ಇನ್ನೊಮ್ಮೆ ತಂದಿದ್ದ. ನುಡಿಸುತ್ತಿರುವಾಗಲೇ ಚಪ್ಪಾಳೆ! ಖುಷಿಯಲ್ಲಿ ಆಚೆ ಬಂದು ಐಸ್‌ಕ್ರೀಮ್ ತಿಂದನಂತೆ. ಆಕಾರ ಗೊತ್ತಿರುವ ಸಭೆ ಸುಮ್ನೆ ಕೂರುವುದಿಲ್ಲ, ನಮ್ಮ ಮುಂದಿನ ಸಾಲಿನ ಮಾಮಂದಿರ ಹಾಗೆ.

ಬೀಥೋವನ್ ಬಂದ ಮೇಲೆ ಸಾಗೆ ವಾಪಸ್ ಬರುವುದು ದೊಡ್ಡ ರಾದ್ಧಾಂತವಾಯಿತು. 1808ರ ಡಿಸೆಂಬರ್ 22, ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್, ಕೊರೆಯುವ ಚಳಿ, ನಾಲ್ಕು ಗಂಟೆಯ ಕಾರ್ಯಕ್ರಮ. ಐದನೆಯ ಮತ್ತು ಆರನೆಯ ಸಿಂಫನಿ ಎರಡೂ ಒಂದೇ ರಾತ್ರಿ ಮೊದಲ ಸಲ. ಕೊನೆಯ ಐಟಂ ನಡುವೆ ತಾಳ ತಪ್ಪಿ, ನಿಲ್ಲಿಸಿ, ಮತ್ತೆ ಶುರು ಮಾಡಬೇಕಾಯಿತು. ಐದನೆಯದರ ಶುರು ಎಲ್ಲರಿಗೂ ಗೊತ್ತು, ಪಪಪ ಗಾ, ಸಾಧಾರಣ ಗಾಂಧಾರ. ಅದು ಬಿಡಿ. ಗಮನಿಸಬೇಕಾದದ್ದು ಎರಡನೆಯ ಹಾಡಿನ ಮುಂಚೆ ಬರುವ ಹಾರ್ನ್ ಕೂಗು. ಮೊದಲ ಸಲ ಇ ಫ್ಲಾಟ್ ಮೇಜರ್‌ನಲ್ಲಿ ಬರುತ್ತದೆ. ವಾಪಸ್ ಬರುವಾಗ ಮೂಲ ಸಿಯಲ್ಲಿ ಬರಬೇಕು, ಮತ್ತು ಮೂಲ ಸಿ ಮೈನರ್. ಬೀಥೋವನ್ ಸಾ ಹಿಂದಿರುಗಿಸುತ್ತಾನೆ, ಮೈನರ್ ಬಿಟ್ಟು ಮೇಜರ್‌ನಲ್ಲಿ. ಆ ಹೊತ್ತಿಗೆ ಕತ್ತಲು ಸರಿಯಿತು ಅನ್ನಿಸುತ್ತದೆ, ಆದರೆ ಭಾಗ ಮುಗಿಯುವುದರೊಳಗೆ ಮೈನರ್ ಮತ್ತೆ ಎಳೆದುಕೊಂಡು ಹೋಗುತ್ತದೆ. ಆ ಸಿ ಮೇಜರ್ ಪಕ್ಕಾ ಆಗಲು ನಾಲ್ಕನೇ ಭಾಗದವರೆಗೆ ಕಾಯಬೇಕು. ವಿಧಿ ಬಾಗಿಲು ಬಡಿಯಿತು ಅನ್ನುವ ಕತೆಗಿಂತ ಇದು ನನಗೆ ಹೆಚ್ಚು ಇಷ್ಟ.

ಹತ್ತೊಂಬತ್ತನೇ ಶತಮಾನದಲ್ಲಿ ಸಾ ದೂರ ದೂರ ಹೋಗತೊಡಗಿತು. ವಾಗ್ನರ್‌ನ ಸಂಗೀತ ನಾಟಕ 'ಟ್ರಿಸ್ಟಾನ್', 1865, ಮ್ಯೂನಿಕ್. ಮೊದಲ ಕಾರ್ಡ್ ಎಬ್ಬಿಸಿದ ಹಸಿವು ನಾಲ್ಕು ಗಂಟೆಯ ಮೇಲೆ ಕೊನೆಯಲ್ಲಿ ತೀರುತ್ತದೆ ಅನ್ನುತ್ತಾರೆ. ಅಷ್ಟು ಹೊತ್ತು ನನ್ನಿಂದ ಆಗಿಲ್ಲ, ಪ್ರೆಲ್ಯೂಡ್ ಮತ್ತು ಕೊನೆ ಕೇಳಿ ಕೈಮುಗಿದಿದ್ದೇನೆ. ಬ್ರಾಮ್ಸ್ 1885ರಲ್ಲಿ ತನ್ನ ನಾಲ್ಕನೇ ಸಿಂಫನಿಯ ಕೊನೆಗೆ ತಿರುಗಿ ಬಾಖ್ ಹತ್ತಿರ ಹೋದ. ಬಾಖ್‌ನ ಒಂದು ಕಾಂಟಾಟಾದಿಂದ (ಚರ್ಚಿನ ಹಾಡುಗಳ ಮಾಲೆ) ಬೇಸ್ ತೆಗೆದುಕೊಂಡು, ಎಂಟು ಬಾರ್‌ನ ಆವರ್ತ ಮಾಡಿ, ಅದನ್ನೇ ಮತ್ತೆ ಮತ್ತೆ ತಿರುಗಿಸಿದ. ಇಪ್ಪತ್ತನೇ ಶತಮಾನದಲ್ಲಿ ಷೋನ್‌ಬರ್ಗ್ ಹನ್ನೆರಡು ಸ್ವರಕ್ಕೂ ಸಮಾನ ಮರ್ಯಾದೆ ಕೊಟ್ಟು ಸಾ ಅನ್ನೇ ತೆಗೆದುಹಾಕಿದ. 1964ರಲ್ಲಿ ಅಮೆರಿಕದ ಟೆರಿ ರೈಲಿ 'ಇನ್ ಸಿ' ಅಂತ ಮಾಡಿದ, ಮುಕ್ಕಾಲು ಗಂಟೆ ಒಂದು ಗಂಟೆ ಸಿ ಸ್ವರ ಬಡಿಯುತ್ತಲೇ ಇರುತ್ತದೆ. ಮುಂದೆ ಅವನೇ ಹಿಂದುಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯನಾದ.

ಮೈಸೂರಿನ ಹೆಸರು ಈ ಇತಿಹಾಸದಲ್ಲಿ ಬರುತ್ತದೆ, ಅದೂ ಸೊನಾಟಾ ಕಡೆಯಿಂದಲೇ. ನಿಕೊಲಾಯ್ ಮೆಟ್ನರ್ ಅನ್ನುವ ರಷ್ಯನ್, 14 ಪಿಯಾನೊ ಸೊನಾಟಾ ಬರೆದವನು, ಸ್ಟ್ರಾವಿನ್ಸ್ಕಿ ಷೋನ್‌ಬರ್ಗ್ ಕಾಲದಲ್ಲೂ ಸಾ ಬಿಡೆನು ಅಂತ ಹಟ ಹಿಡಿದು ಕೂತವನು. ದೇಶ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ, ಕೊನೆಗಾಲದಲ್ಲಿ ಕೇಳುವವರು ಕಡಿಮೆ. ಅವನ ಕೈಯಲ್ಲೇ ಅವನ ಕೃತಿಗಳನ್ನು ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ಜಯಚಾಮರಾಜ ಒಡೆಯರ್. ಎಚ್‌ಎಂವಿ ತಟ್ಟೆಗಳಾಗಿ ಬಂದವು, ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ಬರೆದ ಮೂರು ಕಾನ್ಸರ್ಟೊ ಸೇರಿ. ಮೂರನೇ ಕಾನ್ಸರ್ಟೊವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ. ಲಂಡನ್ನಿನ ಫಿಲ್ಹಾರ್ಮೊನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರೇ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಹಾಡಿಸಿದ್ದಕ್ಕೂ ಇವರ ಹಣದ ಬೆಂಬಲ ಇತ್ತು. ಇದೇ ಮನುಷ್ಯ ಶ್ರೀವಿದ್ಯಾ ಅನ್ನುವ ಅಂಕಿತದಲ್ಲಿ 94 ಕೃತಿ ರಚಿಸಿದರು. ಆ ಕೃತಿಗಳಲ್ಲಿ ಸಾ ಕದಲುವುದಿಲ್ಲ. ಪಿಯಾನೊ ಅಷ್ಟು ಬಲ್ಲವರು ಎರಡನ್ನೂ ಬೆರೆಸಿ ಮಿಶ್ರ ಮಾಡಲು ಹೋಗಲಿಲ್ಲ ಅನ್ನುವುದು ನನಗೆ ಅವರ ಬಗ್ಗೆ ಇರುವ ಗೌರವವನ್ನು ಹೆಚ್ಚಿಸುತ್ತದೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ಹೇಳುವುದು ಕೆ. 545, ಆಮೇಲೆ ಹೈಡನ್. ಹೈಡನ್‌ನ ಓಪಸ್ (ಕೃತಿ ಸಂಖ್ಯೆ) 33ರ ಎರಡನೇ ಕ್ವಾರ್ಟೆಟ್, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿ, 1781ರದ್ದು, ಅದರ ಕೊನೆಯ ಭಾಗ. ರಾಂಡೊ, ಚುರುಕಾದ ಪಲ್ಲವಿ. ಕೊನೆಯಲ್ಲಿ ಆ ಪಲ್ಲವಿಯನ್ನು ನಾಲ್ಕು ತುಂಡು ಮಾಡಿ, ನಡುನಡುವೆ ನಿಲ್ಲಿಸಿ ನಿಲ್ಲಿಸಿ ನುಡಿಸುತ್ತಾರೆ. ಮುಗಿಯಿತು. ಉದ್ದ ಮೌನ. ಜನ ಚಪ್ಪಾಳೆಗೆ ಕೈ ಎತ್ತುವಾಗ ಪಲ್ಲವಿಯ ಮೊದಲ ತುಂಡು ಇನ್ನೊಮ್ಮೆ, ಶುರು ಆಗುತ್ತಿದೆ ಅನ್ನುವ ಹಾಗೆ. ಅಷ್ಟಕ್ಕೇ ನಿಲ್ಲಿಸಿ ನಾಲ್ವರೂ ಕಮಾನು ಕೆಳಗಿಡುತ್ತಾರೆ. ಯೂಟ್ಯೂಬ್‌ನಲ್ಲಿ ಸಭೆ ಕಾಣುವ ವಿಡಿಯೋ ಆರಿಸಿಕೊಳ್ಳಿ. ಮೊದಲೇ ಚಪ್ಪಾಳೆ ಹೊಡೆದವರ ಮುಖ ನೋಡಬೇಕು.